ಗೇಟು ಕಾಯುವವನ ಯಜಮಾನ ಯಾರು?

ಮುಂಬಯಿ: ಮಾಟುಂಗಾದಲ್ಲೋ ಬೊರಿವಲಿಯಲ್ಲೋ ಯಕ್ಷಗಾನ ಮುಗಿಸಿ, ಕೊನೆಯ ಲೋಕಲ್ ಹಿಡಿದು ಮನೆ ಸೇರುವ ಸಂಘದ ಸದಸ್ಯರಿಗೆ ಆ ಹೊತ್ತಿನಲ್ಲಿ ಸೊಸೈಟಿಯ ಗೇಟು ತೆರೆದುಕೊಡುವುದು ವಾಚ್‌ಮನ್. ರಾತ್ರಿ ಎಂಟಕ್ಕೆ ಬಂದು ಕುಳಿತವನ ಪಾಳಿ ಮುಗಿಯುವುದು ಬೆಳಗ್ಗೆ ಎಂಟಕ್ಕೆ. ಬದಲಿಯಾಳು ಬಾರದಿದ್ದರೆ ಹಗಲೂ ಅಲ್ಲೇ. ಈತನ ಯಜಮಾನ ಯಾರೆಂದು ಕೇಳಿದರೆ ಸೊಸೈಟಿಯವರು ಏಜೆನ್ಸಿಯತ್ತ ಕೈ ತೋರಿಸುತ್ತಾರೆ. ಏಜೆನ್ಸಿಯವರು ಸೊಸೈಟಿ ಕೊಡುವ ದರವೇ ಇಷ್ಟು ಎನ್ನುತ್ತಾರೆ. ಸೆಕ್ಯುರಿಟಿ ಗಾರ್ಡ್‌ಗಳ ಹಕ್ಕಿನ ಪ್ರಶ್ನೆ ಬಹುಮಟ್ಟಿಗೆ ಈ ಇಬ್ಬರ ನಡುವಿನ ಸಂದಿಯಲ್ಲೇ ಸಿಕ್ಕಿಕೊಂಡಿದೆ.

ಈ ಸಂದಿಯನ್ನು ಮುಚ್ಚಲು ಮಹಾರಾಷ್ಟ್ರವು 1981ರಲ್ಲೇ ಖಾಸಗಿ ಸುರಕ್ಷಾ ರಕ್ಷಕರ ಕಾನೂನನ್ನು ತಂದಿತು. ಅದಕ್ಕೆ ಮಾದರಿಯಾದದ್ದು 1969ರ ಮಾಥಾಡಿ ಕಾನೂನು. ದಿನಕ್ಕೆ ಹತ್ತು ಅಂಗಡಿಗಳ ಮೂಟೆ ಹೊರುವ ಹಮಾಲನಿಗೆ ಯಜಮಾನ ಯಾರು ಎಂಬ ಪ್ರಶ್ನೆಗೆ ಅಣ್ಣಾಸಾಹೇಬ ಪಾಟೀಲರ ನೇತೃತ್ವದ ಮಾಥಾಡಿ ಸಂಘಟನೆ ಹೋರಾಡಿ ಪಡೆದ ಉತ್ತರವೆಂದರೆ ಬೋರ್ಡು. ಅದೇ ಉತ್ತರ ಹನ್ನೆರಡು ವರ್ಷಗಳ ಬಳಿಕ ಕಾವಲುಗಾರರಿಗೂ ದೊರೆಯಿತು.

ಬೃಹನ್ಮುಂಬಯಿ ಮತ್ತು ಠಾಣೆ ಜಿಲ್ಲೆಗಾಗಿ ರಚನೆಯಾದ ಸುರಕ್ಷಾ ರಕ್ಷಕ ಮಂಡಳಿಯಲ್ಲಿ ಸರಕಾರ, ಮಾಲಕರು ಮತ್ತು ಗಾರ್ಡ್‌ಗಳ ಪ್ರತಿನಿಧಿಗಳು ಕೂರುತ್ತಾರೆ. ಗಾರ್ಡ್ ಹೆಸರು ನೋಂದಾಯಿಸುತ್ತಾನೆ, ಕೆಲಸ ಕೊಡುವ ಸಂಸ್ಥೆಯೂ ನೋಂದಾಯಿಸುತ್ತದೆ. ಸಂಸ್ಥೆ ಸಂಬಳವನ್ನೂ ಅದರ ಮೇಲೆ ಲೆವಿಯನ್ನೂ ಬೋರ್ಡಿಗೆ ಕಟ್ಟುತ್ತದೆ. ಬೋರ್ಡು ಸಂಬಳ ಪಾವತಿಸಿ, ಲೆವಿಯಿಂದ ಭವಿಷ್ಯನಿಧಿ, ಗ್ರಾಚ್ಯುಯಿಟಿ, ಬೋನಸ್, ರಜೆ ಸಂಬಳ ನೋಡಿಕೊಳ್ಳುತ್ತದೆ. ನಡುವೆ ಕಮಿಷನ್ ತಿನ್ನುವವರಿಲ್ಲ.

ಆದರೆ ಕಾನೂನಿಗೊಂದು ಹಿಂಬಾಗಿಲೂ ಇದೆ. ತಮ್ಮ ಗಾರ್ಡ್‌ಗಳಿಗೆ ಬೋರ್ಡಿನ ಸವಲತ್ತಿಗಿಂತ ಕಡಿಮೆಯಲ್ಲದ ಸವಲತ್ತು ಕೊಡುತ್ತೇವೆಂದು ತೋರಿಸಿದ ಏಜೆನ್ಸಿಗಳಿಗೆ 23ನೇ ಕಲಮಿನಡಿ ವಿನಾಯಿತಿ ದೊರೆಯಬಹುದು. ಕಾಗದದಲ್ಲಿ ತೋರಿಸುವುದಕ್ಕೂ ಕೈಗೆ ಕೊಡುವುದಕ್ಕೂ ಇರುವ ಅಂತರವನ್ನು ಬಲ್ಲವರೇ ಬಲ್ಲರು. ಈ ವಿನಾಯಿತಿಯ ವಿವಾದ 1987ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಸಂಸ್ಥೆಯೊಂದು ನೇರವಾಗಿ ಖಾಯಂ ನೇಮಿಸಿಕೊಂಡ ಕಾವಲುಗಾರರಂತೂ ಈ ಕಾನೂನಿನ ಹೊರಗೇ ಉಳಿದಿದ್ದಾರೆ.

ಯೂನಿಯನ್ ಕಟ್ಟುವುದೂ ಇವರಿಗೆ ಸುಲಭವಲ್ಲ. ಗಿರಣಿ ಕಾರ್ಮಿಕರು ಸಾವಿರಗಟ್ಟಲೆ ಒಂದೇ ಗೇಟಿನಿಂದ ಹೊರಬರುತ್ತಿದ್ದರು. ಇಲ್ಲಿ ಒಂದೊಂದು ಗೇಟಿಗೆ ಒಬ್ಬ, ಇಬ್ಬರು. ಪಾಳಿ ಬದಲಾಗುವಾಗ ಐದು ನಿಮಿಷ ಮಾತು, ಅಷ್ಟೇ. ದನಿ ಎತ್ತಿದವನನ್ನು ಕೆಲಸದಿಂದ ತೆಗೆಯಬೇಕಾಗಿಯೂ ಇಲ್ಲ, ಮುಲುಂಡ್‌ನಿಂದ ವಿರಾರಿಗೆ ಹಾಕಿದರೆ ಸಾಕು. ಇಷ್ಟಾದರೂ ಕ್ರಾಂತಿಕಾರಿ ಸುರಕ್ಷಾ ರಕ್ಷಕ ಸಂಘಟನಾದಂತಹ ಯೂನಿಯನ್‌ಗಳು ಇದೇ ಕಾನೂನನ್ನು ಹಿಡಿದು ಸುಪ್ರೀಂ ಕೋರ್ಟಿನವರೆಗೂ ಹೋಗಿರುವುದು ಸಣ್ಣ ಮಾತಲ್ಲ.

ಇನ್ನು ಸೊಸೈಟಿಯ ಲೆಕ್ಕಕ್ಕೆ ಬರೋಣ. ಸಂಘ ಸಂಸ್ಥೆಗಳ ಸದಸ್ಯರಲ್ಲಿ ಅನೇಕರು ತಮ್ಮ ಕಟ್ಟಡದ ಕಮಿಟಿಯಲ್ಲಿ ಕಾರ್ಯದರ್ಶಿಯೋ ಖಜಾಂಚಿಯೋ ಆಗಿರುವುದರಿಂದ ಇದು ಅವರಿಗೇ ಸಂಬಂಧಿಸಿದ್ದು. ಒಂದು ಗೇಟನ್ನು 24 ತಾಸು ಕಾಯಲು ಎಂಟು ತಾಸಿನ ಮೂವರು ಬೇಕು, ಇಲ್ಲವೇ ಹನ್ನೆರಡು ತಾಸಿನ ಇಬ್ಬರು. ಇಬ್ಬರಾದರೆ ಅಗ್ಗ ಎಂಬುದು ಎಲ್ಲ ಕಮಿಟಿಗಳ ನಂಬಿಕೆ. ಕಾನೂನಿನಂತೆ ದಿನದ ದುಡಿಮೆ ಎಂಟು ತಾಸು, ಮೇಲಿನ ತಾಸಿಗೆ ದುಪ್ಪಟ್ಟು ಕೂಲಿ. ಹಾಗಾಗಿ ಹನ್ನೆರಡು ತಾಸು ಕುಳಿತವನಿಗೆ ಎಂಟರ ಜತೆ ಉಳಿದ ನಾಲ್ಕಕ್ಕೆ ಮತ್ತೆ ಎಂಟು ಸೇರಿ 16 ತಾಸಿನ ಕೂಲಿ ಸಲ್ಲಬೇಕು. ಇಬ್ಬರಿಗೆ 32 ತಾಸಿನದ್ದು. ಮೂವರಿಗಾದರೋ 24 ತಾಸಿನದ್ದೇ! ಅಂದರೆ ಇಬ್ಬರನ್ನು ಇಟ್ಟುಕೊಂಡು ಹಣ ಉಳಿಯುತ್ತಿದೆ ಎಂದಾದರೆ ಅದು ಆ ಇಬ್ಬರ ಓವರ್‌ಟೈಮ್‌ನಿಂದಲೇ ಉಳಿಯುತ್ತಿದೆ. ಅತಿ ಕಡಿಮೆ ಕೊಟೇಶನ್‌ಗೆ ಸಹಿ ಹಾಕುವ ಮುನ್ನ ಖಜಾಂಚಿಗಳು ಈ ಗುಣಾಕಾರ ಮಾಡಿ ನೋಡುವುದೊಳ್ಳೆಯದು.

ಸೊಸೈಟಿಯೇ ನೇರವಾಗಿ ಇಟ್ಟುಕೊಂಡ ವಾಚ್‌ಮನ್‌ನ ಪಾಡು ಇನ್ನೂ ನಾಜೂಕು. ಸದಸ್ಯರಿಗೆ ವೈಯಕ್ತಿಕ ಸೇವೆ ಒದಗಿಸುವ ಗೃಹ ಸೊಸೈಟಿ 'ಉದ್ಯಮ'ವಲ್ಲ ಎಂದು ದಿಲ್ಲಿಯ ಪ್ರಕರಣವೊಂದರಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2018ರಲ್ಲಿ ಬಾಂಬೆ ಹೈಕೋರ್ಟ್ ಕೂಡ ಅದೇ ಹಾದಿ ಹಿಡಿಯಿತು. ಕೆಲಸದಿಂದ ತೆಗೆದರೆ ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತುವ ದಾರಿ ಹೀಗೆ ಇಕ್ಕಟ್ಟಾಯಿತು. ಇಪ್ಪತ್ತು ವರ್ಷ ಒಂದೇ ಕಟ್ಟಡ ಕಾದವನ ಗತಿ ಕಮಿಟಿಯವರ ಮನಸ್ಸಾಕ್ಷಿಗೆ ಬಿಟ್ಟಂತಾಗಿದೆ.

ಏಜೆನ್ಸಿಗಳಿಗೆ 2005ರ ಕೇಂದ್ರ ಕಾನೂನಿನಡಿ ಲೈಸೆನ್ಸ್ ಕಡ್ಡಾಯ. ಹೊಸ ಗಾರ್ಡ್‌ಗೆ 100 ತಾಸು ತರಗತಿ, 60 ತಾಸು ಮೈದಾನ ತರಬೇತಿ ಆಗಬೇಕೆಂದು ಮಾದರಿ ನಿಯಮಗಳಲ್ಲಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕ ಪತ್ರ ಕೊಡಬೇಕೆಂದೂ ತಿಂಗಳ ಸಂಬಳ ಮುಂದಿನ ತಿಂಗಳ ಏಳರೊಳಗೆ ಕೈಸೇರಬೇಕೆಂದೂ ಇದೆ. ಏಜೆನ್ಸಿ ಭವಿಷ್ಯನಿಧಿ ಕಟ್ಟದಿದ್ದರೆ ಬಾಕಿಯ ಹೊಣೆ ಕೆಲಸ ಮಾಡಿಸಿಕೊಂಡ ಸಂಸ್ಥೆಯ ಕೊರಳಿಗೂ ಬೀಳಬಹುದೆಂಬುದನ್ನು ಕಮಿಟಿಗಳು ಮರೆಯುತ್ತವೆ.

ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದ ಹಿರಿಯರು ಮುಂಬಯಿ ಕನ್ನಡಿಗರಲ್ಲಿ ಇಂದಿಗೂ ಇದ್ದಾರೆ. ಗಂಟೆ ಲೆಕ್ಕವಿಲ್ಲದ ದುಡಿಮೆ ಏನೆಂದು ಅವರಿಗೆ ವಿವರಿಸಿ ಹೇಳಬೇಕಿಲ್ಲ. ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಸೆಕ್ಯುರಿಟಿ ಖರ್ಚಿನ ಬಾಬತ್ತು ಬಂದಾಗ ಯಾರಾದರೊಬ್ಬರು ಎದ್ದು ಏಜೆನ್ಸಿಯ ಲೈಸೆನ್ಸ್, ಗಾರ್ಡ್‌ಗಳ ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡು, ಹಿಂದಿನ ತಿಂಗಳ ಸಂಬಳ ಚೀಟಿ ಮೇಜಿನ ಮೇಲಿಡಿ ಎಂದು ಕೇಳಬಹುದು. ಗೇಟಿನ ಬಳಿ ಅವರಿಗೆ ಶೌಚಾಲಯ ಇದೆಯೇ ಎಂಬುದನ್ನು ಮಾತ್ರ ಸಭೆಗೆ ಹೋಗುವ ದಾರಿಯಲ್ಲೇ ನೋಡಿಕೊಳ್ಳಬಹುದು.