ಮರೆವಿಗೆ ಮದ್ದುಂಟೇ?

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಆಡಿಬಿಡುತ್ತೇವೆ! ಕನ್ನಡಕ ಹುಡುಕುವ ಅಜ್ಜನನ್ನು ಕಂಡು ಮೊಮ್ಮಕ್ಕಳು ನಗುತ್ತಾರೆ; ಅಜ್ಜನಾದರೋ ಒಳಗೊಳಗೇ ಅಂಜುತ್ತಾನೆ. ಐವತ್ತು ವರ್ಷಗಳ ಹಿಂದಿನ ಮದುವೆಯ ಊಟವನ್ನು ಬಣ್ಣಿಸಬಲ್ಲವರಿಗೆ ಈಗತಾನೆ ಕೇಳಿದ ಹೆಸರು ನೆನಪಿನಲ್ಲಿ ನಿಲ್ಲುವುದಿಲ್ಲ.

ಹದಿಮೂರನೆಯ ಶತಮಾನದ ದಾರ್ಶನಿಕ ಸಂತ ಥಾಮಸ್ ಅಕ್ವಿನಾಸ್ ಸ್ಮರಣೆಯನ್ನು ವಿವೇಕದ ಒಂದು ಅಂಗವೆಂದು ಪರಿಗಣಿಸಿದರು. ಅದು ಹುಟ್ಟಿನಿಂದ ಬಂದದ್ದಾದರೂ ಅಭ್ಯಾಸದಿಂದ ಬೆಳೆಯುತ್ತದೆಂದು ಹೇಳಿ, ನಾಲ್ಕು ಉಪಾಯಗಳನ್ನು ಸೂಚಿಸಿದರು: ನೆನಪಿಡಬೇಕಾದುದಕ್ಕೆ ವಿಲಕ್ಷಣವಾದ ಚಿತ್ರವೊಂದನ್ನು ಕಲ್ಪಿಸಿಕೊಳ್ಳುವುದು, ವಿಷಯಗಳನ್ನು ಕ್ರಮದಲ್ಲಿ ಜೋಡಿಸುವುದು, ಆಸ್ಥೆಯಿಂದ ಮನಸ್ಸಿಡುವುದು, ಪದೇಪದೇ ಮೆಲುಕು ಹಾಕುವುದು.

ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ‘ಆಕ್ಟಿವ್’ ಅಧ್ಯಯನವು ಬಹುಮಟ್ಟಿಗೆ ಇದೇ ದಾರಿಯನ್ನು ಪರೀಕ್ಷೆಗೆ ಒಡ್ಡಿತು. 65 ವರ್ಷ ದಾಟಿದ 2,800ಕ್ಕೂ ಮಿಕ್ಕ ಹಿರಿಯರಲ್ಲಿ ಒಂದು ಗುಂಪಿಗೆ, ಪದಗಳನ್ನು ವರ್ಗಗಳಾಗಿ ವಿಂಗಡಿಸಿ ಮನಶ್ಚಿತ್ರಗಳೊಡನೆ ಬೆಸೆಯುವ ವಿಧಾನವನ್ನು ಹತ್ತು ಪಾಠಗಳಲ್ಲಿ ಕಲಿಸಲಾಯಿತು. ತರಬೇತಿ ಮುಗಿದೊಡನೆ ಆ ಗುಂಪಿನ ಶೇಕಡಾ 26ರಷ್ಟು ಜನರಲ್ಲಿ ಸ್ಮರಣಶಕ್ತಿ ಸುಧಾರಿಸಿತ್ತೆಂದು 2002ರ ವರದಿ ತಿಳಿಸಿತು. ಆದರೆ ಹತ್ತು ವರ್ಷಗಳ ಬಳಿಕ ಆ ಲಾಭ ಉಳಿದಿರಲಿಲ್ಲ. ತರ್ಕ ಮತ್ತು ಗ್ರಹಣವೇಗದ ತರಬೇತಿ ಪಡೆದ ಗುಂಪುಗಳಲ್ಲಿ ಮಾತ್ರ ಫಲ ಉಳಿದಿತ್ತು. ಆದುದರಿಂದ ಸ್ಮರಣೆಯ ಅಭ್ಯಾಸವು ಯೌವನವನ್ನು ಮರಳಿಸುವ ಮಂತ್ರವಲ್ಲ. ಊರುಗೋಲಿನಂತೆ ನಿತ್ಯದ ನಡಿಗೆಗೆ ಒದಗುವ ಆಸರೆ.

ಮನೆಯಲ್ಲೇ ಇದನ್ನು ಆರಂಭಿಸಬಹುದು. ಅಂಗಡಿಯಿಂದ ತರಬೇಕಾದ ಹತ್ತು ವಸ್ತುಗಳನ್ನು ತರಕಾರಿ, ಸಾಂಬಾರ ಪದಾರ್ಥ, ಸಾಬೂನು ಎಂದು ವಿಂಗಡಿಸಿಕೊಳ್ಳಲಿ. ಹೊಸಬರ ಹೆಸರನ್ನು ಕೇಳಿದೊಡನೆ ಗಟ್ಟಿಯಾಗಿ ಉಚ್ಚರಿಸಿ, ಒಂದು ನಿಮಿಷದ ಬಳಿಕ, ಮತ್ತೆ ಐದು ನಿಮಿಷಗಳ ಬಳಿಕ ನೆನಪಿಸಿಕೊಳ್ಳಲಿ. ಬೀಗದ ಕೈಗೆ ಒಂದೇ ಸ್ಥಳವಿರಲಿ. ಚೀಟಿ ಬರೆದಿಟ್ಟುಕೊಳ್ಳುವುದು ನಾಚಿಕೆಯ ಸಂಗತಿಯಲ್ಲ.

ಆದರೆ ಪರಿಚಿತ ದಾರಿಯೇ ತಪ್ಪಿದರೆ, ಹಣದ ಲೆಕ್ಕ ಹಿಡಿತಕ್ಕೆ ಸಿಗದಿದ್ದರೆ ವೈದ್ಯರನ್ನು ಕಾಣಲು ತಡಮಾಡಬಾರದು. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಮನೋಖಿನ್ನತೆ, ಕೆಲವು ಔಷಧಿಗಳು ಸಹ ಮರೆವನ್ನು ತರುತ್ತವೆ, ಇವುಗಳಿಗೆ ಪರಿಹಾರವುಂಟು.

ಮನೆಮಂದಿಗೂ ಒಂದು ಅಭ್ಯಾಸ ಬೇಕು. ಹಿರಿಯರು ಪದಕ್ಕಾಗಿ ತಡವರಿಸುವಾಗ ನಾವು ಆತುರದಿಂದ ಅವರ ಮಾತನ್ನು ಪೂರ್ತಿಗೊಳಿಸುತ್ತೇವೆ. ಅದರ ಬದಲು ಒಂದು ಕ್ಷಣ ಕಾಯೋಣ. ಎಷ್ಟೋ ಸಲ ಆ ಕ್ಷಣದಲ್ಲೇ ಪದ ತಾನಾಗಿ ಬರುತ್ತದೆ; ಅದರೊಡನೆ ಹಿರಿಯರ ಆತ್ಮವಿಶ್ವಾಸವೂ ಮರಳುತ್ತದೆ.