ಕ್ಯಾಸನೂರಿನಿಂದ ಪುಣೆಗೆ: ಮಂಗನ ಕಾಯಿಲೆಯ ಕುರಿತು ತಿಳಿದಿರಬೇಕಾದ ಸಂಗತಿಗಳು

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರ ಮೂಲ ಮಲೆನಾಡು. ಅಡಿಕೆ ಕೊಯ್ಲಿನ ಕಾಲಕ್ಕೋ, ಮಕ್ಕಳ ಬೇಸಿಗೆ ರಜೆಗೋ ಸಾಗರ, ಸೊರಬ, ತೀರ್ಥಹಳ್ಳಿ, ಸಿದ್ದಾಪುರಗಳ ಕಡೆಗೆ ಹೋಗಿಬರುವುದು ವರ್ಷಂಪ್ರತಿ ನಡೆದುಬಂದ ರೂಢಿ. ಕೆಲವು ವರ್ಷಗಳ ಹಿಂದೆ, ಹೀಗೆ ಊರಿಗೆ ಹೋಗಿ ಬಂದ ಪರಿಚಿತ ಕುಟುಂಬದ ಹಿರಿಯರೊಬ್ಬರಿಗೆ ತೀವ್ರ ಜ್ವರ ಬಂದಿತು. ಇಲ್ಲಿನ ವೈದ್ಯರು ಡೆಂಗಿ, ಮಲೇರಿಯಾ ಪರೀಕ್ಷೆಗಳನ್ನು ಮಾಡಿಸಿದರು. ಮೂರನೆಯ ದಿನ ಮಾತಿನ ನಡುವೆ, ಊರಿನ ಸೊಪ್ಪಿನ ಬೆಟ್ಟದಲ್ಲಿ ಮಂಗವೊಂದು ಸತ್ತುಬಿದ್ದಿದ್ದ ವಿಷಯವನ್ನು ಮನೆಯವರು ಪ್ರಸ್ತಾಪಿಸಿದರು. ವೈದ್ಯರು ಬರೆಯುತ್ತಿದ್ದುದನ್ನು ನಿಲ್ಲಿಸಿ, "ಇದನ್ನು ಮೊದಲ ದಿನವೇ ಏಕೆ ಹೇಳಲಿಲ್ಲ?" ಎಂದರಂತೆ. ಅದೃಷ್ಟವಶಾತ್ ಅದು ಮಂಗನ ಕಾಯಿಲೆಯಾಗಿರಲಿಲ್ಲ. ಆದರೆ ವೈದ್ಯರ ಆ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ. ನಾನು ವೈದ್ಯನಲ್ಲ, ಬ್ಯಾಂಕಿನ ನೌಕರ. ತಜ್ಞರು ಪ್ರಕಟಿಸಿರುವುದನ್ನು ಓದಿ ತಿಳಿದುಕೊಂಡಷ್ಟನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಈ ಕಾಯಿಲೆಯ ಇತಿಹಾಸವು ಕರ್ನಾಟಕವನ್ನೂ ಪುಣೆಯನ್ನೂ ಒಟ್ಟಿಗೆ ಬೆಸೆದಿದೆ. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನಗಳ ಸಹಯೋಗದಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 1978ರಿಂದ ಇದು ರಾಷ್ಟ್ರೀಯ ವೈರಾಣು ಸಂಸ್ಥೆ ಎಂಬ ಹೆಸರನ್ನು ಪಡೆದಿದೆ. 1957ರ ಮಾರ್ಚ್ ತಿಂಗಳಲ್ಲಿ, ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ಮಂಗಗಳು ಸಾಯುತ್ತಿರುವ ಸುದ್ದಿ ಈ ಕೇಂದ್ರಕ್ಕೆ ತಲುಪಿತು. ಸುತ್ತಲಿನ ಹಳ್ಳಿಗಳಲ್ಲಿ ಜನರೂ ಜ್ವರದಿಂದ ನರಳುತ್ತಿದ್ದರು. ಏಷ್ಯಾ ಖಂಡದಲ್ಲಿ ಎಂದೂ ಕಾಣಿಸಿಕೊಳ್ಳದಿದ್ದ ಪೀತಜ್ವರವು ಭಾರತವನ್ನು ಪ್ರವೇಶಿಸಿತೇ ಎಂಬ ಆತಂಕ ತಜ್ಞರಲ್ಲಿ ಮೂಡಿತು. ಕೇಂದ್ರದ ಅಂದಿನ ನಿರ್ದೇಶಕ ಡಾ. ಟೆಲ್ಫರ್ಡ್ ವರ್ಕ್, ಡಾ. ಹೆರಾಲ್ಡ್ ಟ್ರಾಪಿಡೋ, ಪಿ. ಕೆ. ರಾಜಗೋಪಾಲನ್ ಮೊದಲಾದವರು ಈ ಸಮಸ್ಯೆಯ ಅಧ್ಯಯನದಲ್ಲಿ ತೊಡಗಿದರು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಮಂಗವೊಂದರಿಂದ ಬೇರ್ಪಡಿಸಿದ ವೈರಸ್ ಪೀತಜ್ವರದ್ದಾಗಿರಲಿಲ್ಲ. ಅದು ರಷ್ಯಾದಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಬಂಧುವಾದ, ಹೊಸತೊಂದು ವೈರಸ್ ಆಗಿತ್ತು. ಹೀಗೆ ನಮ್ಮ ಮಲೆನಾಡಿನ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಂಗ ಸಾಯುವುದಕ್ಕೂ ಮನುಷ್ಯರ ಜ್ವರಕ್ಕೂ ಸಂಬಂಧವಿರುವುದನ್ನು ಹಳ್ಳಿಯ ಜನ ಗುರುತಿಸಿದ್ದರು. 'ಮಂಗನ ಕಾಯಿಲೆ' ಎಂಬ ಹೆಸರು ಅವರದೇ.

ಹೆಸರು ಹೀಗಿದ್ದರೂ ಕಾಯಿಲೆಯನ್ನು ಮನುಷ್ಯರಿಗೆ ಮುಖ್ಯವಾಗಿ ಹರಡುವುದು ಮಂಗವಲ್ಲ, ಕಾಡಿನ ಉಣುಗು. ಮುಸುವ ಮತ್ತು ಕೋತಿಗಳು ಈ ಸೋಂಕಿಗೆ ಸುಲಭವಾಗಿ ಬಲಿಯಾಗುತ್ತವೆ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ತರಗೆಲೆಗಳ ನಡುವೆ ಸೇರುತ್ತವೆ. ಸೌದೆ, ಸೊಪ್ಪು, ತರಗೆಲೆಗಾಗಿ ಕಾಡಿಗೆ ಹೋದವರನ್ನು ಕಚ್ಚುವುದು ಹೆಚ್ಚಾಗಿ ಸಾಸಿವೆಯಷ್ಟು ಚಿಕ್ಕದಾದ ಮರಿ ಉಣುಗು. ಇವು ಮಳೆಗಾಲ ಕಳೆದ ಮೇಲೆ, ನವೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು. ನಾವು ಊರಿಗೆ ಹೋಗುವ ಕಾಲವೂ ಅದೇ ಎಂಬುದನ್ನು ಓದುಗರು ಗಮನಿಸಬೇಕು. ದನಕರುಗಳು ಉಣುಗುಗಳನ್ನು ಹೊತ್ತು ಮನೆಯಂಗಳಕ್ಕೆ ತರಬಹುದು. ಆದರೆ ಮನುಷ್ಯರಿಂದ ಮನುಷ್ಯರಿಗೆ ಈ ಕಾಯಿಲೆ ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ದೂರವಿಡುವ ಅಗತ್ಯವಿಲ್ಲ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ಬಲವಾದ ತಲೆನೋವು, ಮಾಂಸಖಂಡಗಳ ಅಸಾಧ್ಯ ನೋವು, ವಾಂತಿ, ಅತಿ ನಿಶ್ಶಕ್ತಿ ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ಮೂಗು, ವಸಡುಗಳಿಂದ ರಕ್ತಸ್ರಾವವಾಗುತ್ತದೆ. ಜ್ವರ ಬಿಟ್ಟಿತೆಂದು ನೆಮ್ಮದಿಯಿಂದಿರುವಾಗ, ಒಂದೆರಡು ವಾರಗಳ ಬಳಿಕ ಮತ್ತೆ ಜ್ವರ ಮರುಕಳಿಸಿ, ನಡುಕ, ಮಂಪರು, ಮತಿಭ್ರಮಣೆಯಂತಹ ಲಕ್ಷಣಗಳು ಕೆಲವರಲ್ಲಿ ತಲೆದೋರುವುದುಂಟು. ಹೆಚ್ಚಿನ ರೋಗಿಗಳು ಗುಣಮುಖರಾಗುತ್ತಾರೆ. ನೂರರಲ್ಲಿ ಸುಮಾರು ಮೂರರಿಂದ ಐದು ಮಂದಿ ಸಾವಿಗೀಡಾಗುತ್ತಾರೆ ಎಂಬುದು ತಜ್ಞರ ಅಂದಾಜು. ಈ ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧ ಇಲ್ಲ. ದೇಹದ ನೀರಿನಂಶ ಕಾಯುವುದು, ರಕ್ತಸ್ರಾವದ ಮೇಲೆ ನಿಗಾ ಇಡುವುದು, ಇವೇ ಚಿಕಿತ್ಸೆ. ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್‌ನಂತಹ ಮಾತ್ರೆಗಳನ್ನು ಸ್ವತಃ ನುಂಗಬಾರದು.

ಲಸಿಕೆಯ ವಿಷಯದಲ್ಲಿ ತಜ್ಞರ ಚರ್ಚೆ ದೀರ್ಘಕಾಲ ನಡೆದಿದೆ. ಕರ್ನಾಟಕದಲ್ಲಿ 1990ರಿಂದ ಲಸಿಕೆ ಬಳಕೆಯಲ್ಲಿತ್ತು. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವು, ಎರಡು ಡೋಸ್ ಪಡೆದವರಿಗೆ ಶೇ. 62ರಷ್ಟು, ಬೂಸ್ಟರ್ ಸಹ ಪಡೆದವರಿಗೆ ಶೇ. 83ರಷ್ಟು ರಕ್ಷಣೆ ದೊರೆತಿತೆಂದು ತಿಳಿಸಿತು. ಆದರೆ ಮತ್ತೆ ಮತ್ತೆ ಬೂಸ್ಟರ್ ಪಡೆಯಬೇಕಾಗಿದ್ದುದರಿಂದ ಜನರ ಸಹಕಾರ ಸಾಲಲಿಲ್ಲ. ಲಸಿಕೆಯ ಸಾಮರ್ಥ್ಯದ ಬಗೆಗೂ ಸಂದೇಹಗಳೆದ್ದು, 2022ರಲ್ಲಿ ಅದರ ಬಳಕೆ ನಿಂತಿತು. ಬಳಿಕ ಐಸಿಎಂಆರ್ ಹಾಗೂ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಗಳು ಹೊಸ ಲಸಿಕೆಯ ತಯಾರಿಕೆಯನ್ನು ಕೈಗೆತ್ತಿಕೊಂಡವು. ಆದುದರಿಂದ ಹಿಂದೆಂದೋ ಚುಚ್ಚಿಸಿಕೊಂಡ ಲಸಿಕೆಯ ಭರವಸೆಯ ಮೇಲೆ ಯಾರೂ ನಿಶ್ಚಿಂತರಾಗಿರಬಾರದು.

ಇದು ಶಿವಮೊಗ್ಗ ಜಿಲ್ಲೆಗೆ ಮಾತ್ರ ಸೀಮಿತವೆಂದು ತಿಳಿಯುವಂತೆಯೂ ಇಲ್ಲ. 1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆಯಲ್ಲಿ, 2012ರಲ್ಲಿ ಬಂಡೀಪುರದಲ್ಲಿ, ಅನಂತರ ಕೇರಳದ ವಯನಾಡಿನಲ್ಲಿ, 2015ರಲ್ಲಿ ಗೋವೆಯ ಸತ್ತರಿಯಲ್ಲಿ, 2016ರಲ್ಲಿ ನಮ್ಮದೇ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಇದು ಕಾಣಿಸಿಕೊಂಡಿದೆ.

ಹಾಗೆಂದು ಊರಿನ ಪಯಣವನ್ನು ಯಾರೂ ನಿಲ್ಲಿಸಬೇಕಾಗಿಲ್ಲ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ನೀಡುವ ತೈಲವನ್ನು ಕೈಕಾಲುಗಳಿಗೆ ಲೇಪಿಸಿಕೊಳ್ಳಬೇಕು. ಮರಳಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನಮಾಡಿ, ಬಟ್ಟೆಗಳನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪುಣೆಗೆ ಮರಳಿದ ಮೇಲೆ ಜ್ವರ ಬಂದರೆ, ಯಾವ ಊರಿಗೆ ಹೋಗಿದ್ದಿರಿ, ಯಾವ ದಿನ, ಕಾಡು ತೋಟಗಳಲ್ಲಿ ತಿರುಗಾಡಿದ್ದಿರೋ ಎಂಬುದನ್ನು ವೈದ್ಯರು ಕೇಳುವ ಮುನ್ನವೇ ಹೇಳಬೇಕು. ಮಹಾನಗರದ ವೈದ್ಯರು ಇಂತಹ ರೋಗಿಯನ್ನು ಎಂದೂ ನೋಡಿರದಿರಬಹುದು. ಈ ವೈರಸ್ಸನ್ನು ಮೊದಲು ಗುರುತಿಸಿದ ಸಂಸ್ಥೆಯೇ ನಮ್ಮ ನಗರದಲ್ಲಿದೆ; ಆದರೆ ನಾವು ಹೇಳದೆ ಹೋದರೆ ರಕ್ತದ ಮಾದರಿ ಆ ಬಾಗಿಲನ್ನು ತಲುಪುವುದಾದರೂ ಹೇಗೆ?