ಮುದ್ರೆಗಳನ್ನು ಓದಿದ ವಿದುಷಿ ಎಡಿತ್ ಪೊರಾಡಾ

ಪ್ರಾಚೀನ ಮುದ್ರೆಯೆಂದೊಡನೆ ಭಾರತೀಯ ವಾಚಕನ ಕಣ್ಣಮುಂದೆ ನಿಲ್ಲುವುದು ಮೊಹೆಂಜೊದಾರೊವಿನ ಚೌಕಾಕಾರದ ಒತ್ತುಮುದ್ರೆ. ಯೂಫ್ರಟೀಸ್ ಟೈಗ್ರಿಸ್ ನದಿಗಳ ನಡುವಣ ನಾಡಿನಲ್ಲಾದರೋ ಬಹುಕಾಲ ಪ್ರಧಾನವಾಗಿದ್ದುದು ಉರುಳುಮುದ್ರೆ. ಅದು ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರು ಎತ್ತರದ, ನಡುವೆ ರಂಧ್ರ ಕೊರೆದ ಸಣ್ಣ ಕಲ್ಲುಗುಂಡು. ಹಸಿ ಜೇಡಿಮಣ್ಣಿನ ಮೇಲೆ ಉರುಳಿಸಿದರೆ ಅದರ ಮೈಮೇಲೆ ಕೊರೆದ ದೇವತೆಗಳೂ ಮೃಗಗಳೂ ಸಾಲಾಗಿ ಮೂಡಿ ನಿಲ್ಲುತ್ತವೆ. ಕರಾರುಪತ್ರಕ್ಕೆ ಒಪ್ಪಿಗೆಯ ಗುರುತು, ಉಗ್ರಾಣದ ಬಾಗಿಲಿಗೆ ಕಾವಲು, ಧರಿಸಿದವನಿಗೆ ರಕ್ಷೆ, ಈ ಮೂರೂ ಅದೇ ಆಗಿದ್ದಿತು. ಈ ಕಿರುವಸ್ತುಗಳ ಅಧ್ಯಯನಕ್ಕೆ ತಮ್ಮ ಜೀವಿತವನ್ನೇ ಮುಡಿಪಾಗಿಟ್ಟವರಲ್ಲಿ ಎಡಿತ್ ಪೊರಾಡಾ ಅಗ್ರಗಣ್ಯರು.

ಪೊರಾಡಾ ಅವರು 1912ರಲ್ಲಿ ವಿಯೆನ್ನಾದಲ್ಲಿ ಜನಿಸಿದರು. ಅಕ್ಕಾಡ್ ಕಾಲದ ಮುದ್ರಾಶಿಲ್ಪವನ್ನು ಕುರಿತ ಪ್ರಬಂಧಕ್ಕಾಗಿ 1935ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಆಸ್ಟ್ರಿಯಾ ನಾಜಿಗಳ ವಶವಾದ 1938ರಲ್ಲಿಯೇ ತಾಯ್ನಾಡನ್ನು ತೊರೆದು ಅಮೆರಿಕೆಯನ್ನು ಸೇರಬೇಕಾಯಿತು. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದ್ದ ಸಾವಿರಕ್ಕೂ ಮಿಕ್ಕ ಮುದ್ರೆಗಳನ್ನು ಪರಿಶೀಲಿಸಿ ಅವರು ಸಿದ್ಧಪಡಿಸಿದ ಸೂಚಿಗ್ರಂಥವು 1948ರಲ್ಲಿ ಪ್ರಕಟವಾಯಿತು. 1956ರಲ್ಲಿ ಅದೇ ಸಂಸ್ಥೆಯ ಮುದ್ರೆ ಮತ್ತು ಮೃತ್ಫಲಕಗಳ ಗೌರವ ಸಂಗ್ರಹಪಾಲಕಿಯಾದರು. 1958ರಿಂದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು.

ಇಂತಹ ಸಂಗ್ರಹಪಾಲಕರಿಗೆ ಒದಗುವ ತೊಡಕು ಸಾಮಾನ್ಯವಾದುದಲ್ಲ. ಕೊಂಡುತಂದ ಮುದ್ರೆಗೆ ಹುಟ್ಟಿದ ಊರಿನ ದಾಖಲೆಯಿರುವುದಿಲ್ಲ. ಯಾವ ಮಣ್ಣಿನ ಪದರದಲ್ಲಿ ದೊರೆಯಿತೆಂಬುದು ತಿಳಿಯದು. ಕೃತಕವಾದುದೂ ನಡುವೆ ಸೇರಿರಬಹುದು. ಅನೇಕ ಮುದ್ರೆಗಳ ಮೇಲೆ ಬರಹವೇ ಇಲ್ಲ. ಆದುದರಿಂದ ಚಿತ್ರವನ್ನೇ ಶಾಸನದಂತೆ ಓದಬೇಕಾಗುತ್ತದೆ. ಈ ಓದಿಗೆ ಆಧಾರ ಒದಗಿಸುವುವು ಉತ್ಖನನದಲ್ಲಿ ದೊರೆತ ಮೃತ್ಫಲಕಗಳು. ನುಜಿ ನಗರದ ವ್ಯವಹಾರಪತ್ರಗಳ ಮೇಲೆ ಕಕ್ಷಿಗಾರರೂ ಸಾಕ್ಷಿಗಳೂ ಒತ್ತಿದ ಅಚ್ಚುಗಳನ್ನು ಪೊರಾಡಾ 1947ರಲ್ಲಿ ವಿವೇಚಿಸಿದರು. ಪತ್ರದ ಕಾಲ ತಿಳಿದಲ್ಲಿ ಮುದ್ರೆಯ ಬಳಕೆಯ ಕಾಲವೂ ತಿಳಿಯಿತು. ಅದೇ ಶೈಲಿಯ ಅನಾಥ ಮುದ್ರೆಗೂ ನೆಲೆ ದೊರೆಯಿತು.

ಗ್ರೀಸಿನ ಥೀಬ್ಸ್ ನಗರದಲ್ಲಿ 1963ರ ಸುಮಾರಿಗೆ ದೊರೆತ ವೈಡೂರ್ಯನೀಲಿಯ ಲಾಜವರ್ದ ಮುದ್ರೆಗಳ ವಿಚಾರವು ಅವರ ಪದ್ಧತಿಗೆ ಉತ್ತಮ ನಿದರ್ಶನ. ಬ್ಯಾಬಿಲೋನಿಯದ ಮುದ್ರೆಗಳು ಅಷ್ಟು ದೂರ ಹೋದುದೇಕೆ? ಪೊರಾಡಾ ಚಿತ್ರಗಳನ್ನಷ್ಟೇ ನೋಡಿ ತೃಪ್ತರಾಗಲಿಲ್ಲ, ತೂಕವನ್ನೂ ಗಮನಿಸಿದರು. ಕಸ್ಸೈಟ್ ಕಾಲದ ಮುದ್ರೆಗಳ ಒಟ್ಟು ತೂಕವು ಸುಮಾರು ಒಂದು ಮಿನಾ, ಎಂದರೆ ಅರ್ಧ ಕಿಲೋಗ್ರಾಮಿನಷ್ಟಾಗುತ್ತದೆ. ಇದರಿಂದ ಅವು ಅಸ್ಸೀರಿಯದ ಅರಸನು ಕಳುಹಿದ ರಾಜೋಪಾಯನವಾಗಿರಬಹುದೆಂದು ಊಹಿಸಿದರು. ಊಹೆಯನ್ನು ಒಪ್ಪಲಿ ಬಿಡಲಿ, ಅದರ ಹಿಂದಿನ ಎಚ್ಚರಿಕೆಯು ಅನುಕರಣೀಯವಾದುದು.

ಅಮೆರಿಕೆಯ ಪುರಾತತ್ತ್ವ ಸಂಸ್ಥೆಯು 1977ರಲ್ಲಿ ಅವರಿಗೆ ಸುವರ್ಣಪದಕವನ್ನಿತ್ತಿತು. 1994ರಲ್ಲಿ ಅವರು ನಿಧನರಾದರು. ಊರು ಬಿಟ್ಟು ಬಂದ ವಿದುಷಿಯೊಬ್ಬರು, ಊರು ಕಳೆದುಕೊಂಡ ಸಾವಿರಾರು ಮುದ್ರೆಗಳಿಗೆ ಅವುಗಳ ಕಾಲವನ್ನೂ ನಾಡನ್ನೂ ಮರಳಿ ದೊರಕಿಸಿಕೊಟ್ಟರು.